ಯಾವ ಎಸ್‌ಎಂಪಿಎಸ್ ತಗೊಳ್ಳೋದು? ಕ್ಯಾಬಿನೆಟ್ ಜೊತೆ ಬಂದದ್ದೋ, ಬ್ರಾಂಜೋ, ಗೋಲ್ಡೋ

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕು ಅಂತ ನನ್ನ ಹತ್ತಿರ ಬರುವವರು ಪ್ರಾಸೆಸರ್ ಬಗ್ಗೆ ಚೆನ್ನಾಗಿ ಓದಿಕೊಂಡು ಬಂದಿರುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಯಾವುದು ಅನ್ನುವುದೂ ತೀರ್ಮಾನ ಆಗಿರುತ್ತದೆ. ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಬದಲಿಸಿ ಕೊಡುವ ಪೆಟ್ಟಿಗೆ, ಅದರ ಮಾತು ಬಂದ ಕೂಡಲೇ ಪ್ರಶ್ನೆ ಶುರು. "ಕ್ಯಾಬಿನೆಟ್ ಜೊತೆ ಒಂದು ಬರುತ್ತಲ್ಲ, ಅದು ಸಾಕಲ್ವಾ?" ಬೇಡ ಅಂದರೆ, "ಹಾಗಾದ್ರೆ ಬ್ರಾಂಜ್ ಹಾಕಿಸ್ಲಾ, ಗೋಲ್ಡ್ ಹಾಕಿಸ್ಲಾ? ಮೂರ್ನಾಲ್ಕು ಸಾವಿರ ವ್ಯತ್ಯಾಸ ಇದೆ, ಅಷ್ಟು ಕೊಡೋದ್ರಲ್ಲಿ ಅರ್ಥ ಇದೆಯಾ?"

ಬ್ರಾಂಜ್, ಗೋಲ್ಡ್ ಅಂದರೆ ಎಸ್‌ಎಂಪಿಎಸ್ ಎಷ್ಟು ಕಡಿಮೆ ಕರೆಂಟ್ ವ್ಯರ್ಥ ಮಾಡುತ್ತದೆ ಅನ್ನುವ ಗುರುತು. ಎರಡೂ ನ್ಯಾಯವಾದ ಪ್ರಶ್ನೆ. ಮೊದಲನೆಯದಕ್ಕೆ ನನ್ನ ಉತ್ತರ ಗಟ್ಟಿಯಾಗಿ "ಬೇಡ". ಎರಡನೆಯದಕ್ಕೆ ಉತ್ತರ ನಿಮ್ಮ ಮನೆಯ ಕರೆಂಟ್ ಹೇಗಿದೆ, ಮಿಷನ್‌ನಲ್ಲಿ ಏನು ಕೆಲಸ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಬೇಡ ಅನ್ನುವುದಕ್ಕೆ ಕಾರಣ ನಮ್ಮ ಅಕ್ಕನ ಮನೆಯಲ್ಲೇ ಸಿಕ್ಕಿತು. ಮಲೆನಾಡಿನ ಊರು. ಮೇ ತಿಂಗಳ ಒಂದು ಸಂಜೆ, ಮಳೆ ಇನ್ನೂ ಶುರುವಾಗಿರಲಿಲ್ಲ, ಗುಡುಗು ಮಾತ್ರ. ಕರೆಂಟ್ ಎರಡು ಮೂರು ಸಲ ಹೋಗಿ ಹೋಗಿ ಬಂತು. ಕೊನೆಯ ಸಲ ಬಂದಾಗ ಕಂಪ್ಯೂಟರ್ ಹಿಂದೆ ಟಪ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಚಿಂತೆ ಇರಲಿಲ್ಲ. ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಕೂಡ ಹೋಯಿತು. ಭಾವನ ಅಡಿಕೆ ಲೆಕ್ಕ ಪುಸ್ತಕದಲ್ಲೂ ಇತ್ತು. ಮಗಳ ನಾಮಕರಣದ ಫೋಟೋಗಳು ಆ ಡಿಸ್ಕ್ ಬಿಟ್ಟು ಬೇರೆಲ್ಲೂ ಇರಲಿಲ್ಲ. ಹಳೆಯ ಬಿಲ್ ತೆಗೆದು ನೋಡಿದೆ. ಎಸ್‌ಎಂಪಿಎಸ್‌ಗೆ ಒಂದು ಸಾಲೂ ಇಲ್ಲ. ಕ್ಯಾಬಿನೆಟ್ ಬೆಲೆಯಲ್ಲೇ ಸೇರಿಸಿ ಕೊಟ್ಟಿದ್ದರು.

ಅದನ್ನು ಬಿಚ್ಚಿದೆ. ನೀವು ಮಾತ್ರ ಈ ಕೆಲಸ ಮಾಡಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲ್ಪಟ್ಟು ಉಳಿದಿರಬಹುದು. ಬೋರ್ಡ್‌ನಲ್ಲಿ ಕರೆಂಟ್ ಒಳಬರುವ ಮೂಲೆಯಲ್ಲಿ ಒಂದು ಕಾಯಿಲ್, ಒಂದೆರಡು ಫಿಲ್ಟರ್ ಕೆಪಾಸಿಟರ್ ಕೂರಬೇಕು. ಕರೆಂಟ್ ಜೊತೆ ಹೊರಗಿಂದ ಬರುವ ಕೊಳೆಯನ್ನು, ಅಂದರೆ ಸಣ್ಣ ಸಣ್ಣ ಅಡಚಣೆಗಳನ್ನು, ಮೊದಲು ತಡೆಯುವವು ಅವು. ಅವುಗಳಿಗೆ ಜಾಗ ಇತ್ತು, ಬಿಳಿ ಅಕ್ಷರದಲ್ಲಿ ಹೆಸರೂ ಅಚ್ಚಾಗಿತ್ತು. ಕಾಯಿಲ್ ಇರಬೇಕಾದ ಕಡೆ ಎರಡು ತುಂಡು ತಂತಿ ಬೆಸೆದಿದ್ದರು. ಕೆಪಾಸಿಟರ್ ಜಾಗದಲ್ಲಿ ಖಾಲಿ ತೂತು. ಸರ್ಕ್ಯೂಟ್ ಮಾಡಿದವರಿಗೆ ಅಲ್ಲಿ ಏನು ಬೇಕು ಅಂತ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದಾರೆ.

ಗೋಡೆಯ ಕರೆಂಟ್ ನೇರವಾಗಿ ಮುಟ್ಟುವ ಭಾಗ ಕಂಪ್ಯೂಟರ್‌ನಲ್ಲಿ ಇದೊಂದೇ. ಉಳಿದದ್ದಕ್ಕೆಲ್ಲ ಇದರ ಕೈ ದಾಟಿಯೇ ಕರೆಂಟ್ ಹೋಗಬೇಕು. ಹಾಗಾಗಿ ಎಲ್ಲ ಸರಿ ಇರುವ ದಿನ ಇದು ಹೇಗೆ ನಡೆಯುತ್ತದೆ ಅನ್ನುವುದಕ್ಕಿಂತ ಕೆಟ್ಟ ದಿನ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೋಡಿ ಆರಿಸಬೇಕು.

ಯಾವುದನ್ನು ಅಳೆಯಬೇಕು

ಮೊದಲು ನಿಮ್ಮ ಮನೆಯ ವೋಲ್ಟೇಜ್. ಎಸ್‌ಎಂಪಿಎಸ್ ಲೇಬಲ್‌ನಲ್ಲಿ ಇನ್‌ಪುಟ್ ಅಂತ ಒಂದು ಸಾಲು ಇರುತ್ತದೆ. ಕೆಲವಕ್ಕೆ 200 ರಿಂದ 240 ವೋಲ್ಟ್, ಕೆಲವಕ್ಕೆ 100 ರಿಂದ 240. ಬೆಂಗಳೂರಿನ ಒಳ್ಳೆಯ ಏರಿಯಾದಲ್ಲಿ ಇದ್ದರೆ ಎರಡೂ ನಡೆಯುತ್ತದೆ. ಸಂಜೆ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಓಡುವ ಊರಾದರೆ, ಟ್ಯೂಬ್‌ಲೈಟ್ ಹತ್ತಲು ಒದ್ದಾಡುವ ಮನೆಯಾದರೆ, ವೋಲ್ಟೇಜ್ 170ಕ್ಕೆ ಇಳಿಯುವುದು ಹೊಸತೇನಲ್ಲ. ಅಂಥ ಕಡೆ 100 ರಿಂದ 240ರದ್ದೇ ಬೇಕು. ಒಂದೇ ಕಂಪನಿಯ, ಒಂದೇ ವ್ಯಾಟ್‌ನ, ಒಂದೇ ಬ್ರಾಂಜ್ ಅಥವಾ ಗೋಲ್ಡ್ ಗುರುತಿನ ಎರಡು ಮಾಡೆಲ್‌ನಲ್ಲಿ ಈ ಒಂದು ಸಾಲು ಬೇರೆ ಇರಬಹುದು. ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ಓದಿ. ಹಿಂದುಗಡೆ 115, 230 ಅಂತ ಬರೆದ ಕೆಂಪು ಸ್ವಿಚ್ ಇದ್ದರೆ ಅದು ಹಳೆಯ ಕಾಲದ ಡಿಸೈನ್. ಯಾರಾದರೂ ಸುಮ್ನೆ ಅದನ್ನು 115ಕ್ಕೆ ಸರಿಸಿ ನಮ್ಮ ಪ್ಲಗ್‌ಗೆ ಹಾಕಿದರೆ ಅಲ್ಲೇ ಮುಗಿಯಿತು.

ಎರಡನೆಯದು ನಿಜವಾದ ವ್ಯಾಟ್. ಇಂದಿನ ಪ್ರಾಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಮ್ಮಿ ಪೂರ್ತಿ ತಿನ್ನುವುದು ಎಸ್‌ಎಂಪಿಎಸ್ ಹೊರಗೆ ಕೊಡುವ 12 ವೋಲ್ಟ್‌ನಿಂದ. ಹಾಗಾಗಿ ಲೇಬಲ್‌ನ ದೊಡ್ಡ ಅಂಕಿ ಬಿಡಿ, 12 ವೋಲ್ಟ್ ಕೆಳಗೆ ಎಷ್ಟು ಆಂಪ್ ಇದೆ ನೋಡಿ, 12ರಿಂದ ಗುಣಿಸಿ. 450 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ 36, 37 ಆಂಪ್ ಇರುತ್ತದೆ. ಅಂದರೆ 430ಕ್ಕೂ ಮೇಲೆ. ಡಬ್ಬಿ ಮೇಲೆ 450 ಅಂತ ದೊಡ್ಡದಾಗಿ ಬರೆದು, 12 ವೋಲ್ಟ್ ಕೆಳಗೆ 16 ಆಂಪ್ ಮಾತ್ರ ಇದ್ದರೆ ಸಿಗುವುದು 192 ವ್ಯಾಟ್. ಆ 450 ಬರೀ ಮಾಡೆಲ್ ನಂಬರ್.

ಮೂರನೆಯದು ರಕ್ಷಣೆ. ವೋಲ್ಟೇಜ್ ಮಿತಿ ಮೀರಿದರೆ, ಕಡಿಮೆಯಾದರೆ, ಶಾರ್ಟ್ ಆದರೆ, ಲೋಡ್ ಜಾಸ್ತಿಯಾದರೆ, ಬಿಸಿ ಏರಿದರೆ ತಾನಾಗಿ ಆಫ್ ಆಗುವ ವ್ಯವಸ್ಥೆ. ಎಟಿಎಕ್ಸ್, ಅಂದರೆ ಡೆಸ್ಕ್‌ಟಾಪ್ ಎಸ್‌ಎಂಪಿಎಸ್ ಹೇಗಿರಬೇಕು ಅನ್ನುವ ನಿಯಮದ ಪ್ರಕಾರ 12 ವೋಲ್ಟ್ ಅನ್ನುವುದು 11.4 ರಿಂದ 12.6ರ ಒಳಗೇ ಇರಬೇಕು. ಅದನ್ನು ತೀರಾ ದಾಟಿದಾಗ ಒಳ್ಳೆಯ ಎಸ್‌ಎಂಪಿಎಸ್ ತಾನು ನಿಲ್ಲುತ್ತದೆ, ಸತ್ತರೂ ಒಂಟಿಯಾಗಿ ಸಾಯುತ್ತದೆ. ಅಕ್ಕನ ಮನೆಯಲ್ಲಿ ಇಲ್ಲದೇ ಹೋದದ್ದು ಇದೇ.

ನಾಲ್ಕನೆಯದು ಬಾಳಿಕೆ. ಕೆಪಾಸಿಟರ್‌ಗಳು 85 ಡಿಗ್ರಿ ಬಿಸಿ ತಡೆಯುವವೋ 105 ಡಿಗ್ರಿಯವೋ ಕೇಳಿ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಮ್ಮಿ ಎರಡು ಪಟ್ಟು ಅನ್ನುವುದು ಕೆಪಾಸಿಟರ್‌ಗಳ ಹಳೆಯ ಲೆಕ್ಕ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಈ ವ್ಯತ್ಯಾಸ ತುಂಬಾ ದೊಡ್ಡದು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ವಾರಂಟಿ ಎಷ್ಟು ವರ್ಷ ಅಂತ ಕೇಳಿ. ಒಳಗಿನ ಸಾಮಾನಿನ ಮೇಲೆ ಕಂಪನಿಗೆ ಎಷ್ಟು ನಂಬಿಕೆ ಇದೆ ಅನ್ನುವುದು ಆ ಅಂಕಿಯಲ್ಲೇ ಕಾಣುತ್ತದೆ.

ಬ್ರಾಂಜ್, ಗೋಲ್ಡ್ ಅನ್ನುವ ಪಟ್ಟಿಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. 80 ಪ್ಲಸ್ ಅನ್ನುವ ಈ ಗುರುತು 2004ರಲ್ಲಿ ಶುರುವಾಯಿತು. ಗೋಡೆಯಿಂದ ಎಳೆದ ಕರೆಂಟ್‌ನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಅರ್ಧ ಲೋಡ್‌ನಲ್ಲಿ ಬ್ರಾಂಜ್‌ಗೆ 85 ಪರ್ಸೆಂಟ್, ಗೋಲ್ಡ್‌ಗೆ 90 ಅನ್ನುವುದು ಅದರ 115 ವೋಲ್ಟ್ ಪರೀಕ್ಷೆಯ ಲೆಕ್ಕ. ರಕ್ಷಣೆ ಎಷ್ಟಿದೆ, 12 ವೋಲ್ಟ್ ಎಷ್ಟು ಸ್ಥಿರ, ಫ್ಯಾನ್ ಎಷ್ಟು ಸದ್ದು ಮಾಡುತ್ತದೆ, ಇದ್ಯಾವುದನ್ನೂ ಆ ಗುರುತು ಅಳೆಯುವುದಿಲ್ಲ.

ಕ್ಯಾಬಿನೆಟ್ ಜೊತೆ ಬರುವುದು

ಬಿಡಿಯಾಗಿ ಕೊಂಡರೆ 600 ರಿಂದ 1000 ರೂಪಾಯಿ. ಇದರ ಪರವಾಗಿ ಹೇಳಬಹುದಾದ ಮಾತು ಬೆಲೆ ಒಂದೇ. ಎಷ್ಟೋ ಆಫೀಸ್‌ಗಳಲ್ಲಿ ವರ್ಷಗಟ್ಟಲೆ ಓಡಿವೆ ಅನ್ನುವವರಿದ್ದಾರೆ, ಅದು ಸುಳ್ಳಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಿಷನ್ ಆಫೀಸ್ ಕೆಲಸದಲ್ಲಿ ಸಾಮಾನ್ಯವಾಗಿ ನೂರು ವ್ಯಾಟ್ ಕೂಡ ಎಳೆಯುವುದಿಲ್ಲ, ಕರೆಂಟ್ ನೆಟ್ಟಗಿದ್ದರೆ ಅದು ಓಡುತ್ತದೆ. ಕರೆಂಟ್ ನೆಟ್ಟಗಿಲ್ಲದ ದಿನಕ್ಕೆ ಅದರಲ್ಲಿ ಏನೂ ಇಲ್ಲ. ಕ್ಯಾಬಿನೆಟ್ ಮಾತ್ರ ತಗೊಳ್ಳಿ, ಒಳಗಿನದನ್ನು ಬಿಚ್ಚಿಸಿ, ಬೆಲೆಯಲ್ಲಿ ಕಡಿತ ಕೇಳಿ.

ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸುವ ಯೋಚನೆಯನ್ನಂತೂ ಮಾಡಲೇಬೇಡಿ. 8 ಪಿನ್ ಕನೆಕ್ಟರ್ ಇಲ್ಲ ಅಂತ ಮೊಲೆಕ್ಸ್ ಅನ್ನುವ ಹಳೆಯ 4 ಪಿನ್ ಕನೆಕ್ಟರ್‌ನಿಂದ ಕನ್ವರ್ಟರ್ ಹಾಕಿಸಿಕೊಂಡು ಬಂದವರ ಮಿಷನ್‌ನಲ್ಲಿ ಪ್ಲಾಸ್ಟಿಕ್ ಕರಗಿ ಪಿನ್‌ಗೆ ಅಂಟಿಕೊಂಡದ್ದನ್ನು ಕಿತ್ತಿದ್ದೇನೆ. ಆ 8 ಪಿನ್ ಇರುವುದು 150 ವ್ಯಾಟ್ ಹೊರಲು. ತೆಳ್ಳನೆಯ ಎರಡು ತಂತಿ ಅದನ್ನು ಹೊರುವುದಿಲ್ಲ.

80 ಪ್ಲಸ್ ವೈಟ್, 400 ರಿಂದ 550 ವ್ಯಾಟ್

2000 ರಿಂದ 3000 ರೂಪಾಯಿ ಆಸುಪಾಸು. ಹೆಸರು ಇರುವ ಕಂಪನಿಗಳ ಕೆಳಗಿನ ಮೆಟ್ಟಿಲು ಇದು. ಫಿಲ್ಟರ್ ಇರುತ್ತದೆ, ಮುಖ್ಯ ರಕ್ಷಣೆಗಳು ಇರುತ್ತವೆ, ಲೇಬಲ್‌ನ ವ್ಯಾಟ್ ಸಾಮಾನ್ಯವಾಗಿ ನಿಜ. ವಾರಂಟಿ ಹೆಚ್ಚಿನವಕ್ಕೆ 3 ವರ್ಷ. ಫ್ರೀ ಎಸ್‌ಎಂಪಿಎಸ್‌ನಿಂದ ಇಲ್ಲಿಗೆ ಬರುವ ಜಿಗಿತವೇ ದೊಡ್ಡದು. ಇಲ್ಲಿಂದ ಮೇಲೆ ಕೊಡುವ ಪ್ರತಿ ಸಾವಿರಕ್ಕೂ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ.

ಕೊರತೆ ಎರಡು ಕಡೆ. ಇವುಗಳಲ್ಲಿ ಹಲವು 200 ರಿಂದ 240 ವೋಲ್ಟ್‌ನವು. ಮತ್ತೆ, 5 ವೋಲ್ಟ್ ಮತ್ತು 12 ವೋಲ್ಟ್ ಎರಡನ್ನೂ ಒಟ್ಟಿಗೆ ನಿಯಂತ್ರಿಸುವ ಹಳೆಯ ಕ್ರಮ ಕೆಲವದರಲ್ಲಿ ಇನ್ನೂ ಇದೆ. ಒಂದರ ಮೇಲೆ ಲೋಡ್ ಬಿದ್ದಾಗ ಇನ್ನೊಂದು ಅಲ್ಲಾಡುತ್ತದೆ. ಬರೆಯುವುದು, ಲೆಕ್ಕ, ಆನ್‌ಲೈನ್ ಕ್ಲಾಸ್ ಇಷ್ಟಕ್ಕೆ ಇದು ಸಾಕು. ಗೇಮ್‌ಗೆ ನಾನು ಇದನ್ನು ಹೇಳುವುದಿಲ್ಲ.

ಬ್ರಾಂಜ್, 550 ರಿಂದ 650 ವ್ಯಾಟ್

ಕೇಳಿದವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. 550 ವ್ಯಾಟ್‌ನವು 3500 ರಿಂದ 4500 ರೂಪಾಯಿಗೆ ಸಿಗುತ್ತವೆ. ಕೂಲರ್ ಮಾಸ್ಟರ್, ಡೀಪ್‌ಕೂಲ್, ಕೋರ್ಸೇರ್, ಆಂಟೆಕ್ ಎಲ್ಲರದ್ದೂ ಇವೆ. ಇಲ್ಲಿ ವಾರಂಟಿ ಹೆಚ್ಚಾಗಿ 5 ವರ್ಷ. ಆದರೆ ಬ್ರಾಂಜ್ ಅಂದ ಕೂಡಲೇ ಒಂದೇ ತರಹ ಅಲ್ಲ. ಕೋರ್ಸೇರ್‌ನದ್ದೇ ಸಿವಿ ಸಾಲು, ಸಿಎಕ್ಸ್ ಸಾಲು ಎರಡೂ ಬ್ರಾಂಜ್. ಮೊದಲನೆಯದಕ್ಕೆ 3 ವರ್ಷ, ಎರಡನೆಯದಕ್ಕೆ 5. ಗುರುತು ಒಂದೇ, ಒಳಗಿನ ಸಾಮಾನು ಬೇರೆ. 5 ವರ್ಷ ವಾರಂಟಿ, 100 ರಿಂದ 240 ಇನ್‌ಪುಟ್, ಡಿಸಿ ಟು ಡಿಸಿ (5 ವೋಲ್ಟನ್ನು 12ರಿಂದ ಬೇರೆಯಾಗಿ ನಿಯಂತ್ರಿಸುವ ಕ್ರಮ) ಅನ್ನುವ ಮಾತು, ಈ ಮೂರೂ ಒಟ್ಟಿಗೆ ಇರುವ ಬ್ರಾಂಜ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಬಹುದು.

ಎಷ್ಟು ವ್ಯಾಟ್ ಬೇಕು ಅನ್ನುವುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಇಂಟೆಲ್ ಐ5-12400 ಪ್ರಾಸೆಸರ್ ಹೆಚ್ಚೆಂದರೆ 117 ವ್ಯಾಟ್ ಎಳೆಯುತ್ತದೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್‌ಗೆ 115. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 60 ಅಂತ ಇಟ್ಟುಕೊಳ್ಳಿ. 300ಕ್ಕೂ ಒಳಗೆ ಬಂತು. ಗ್ರಾಫಿಕ್ಸ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕೂ ಮೊದಲು ಒಂದು ಕ್ಷಣ ತಮ್ಮ ಮಿತಿ ಮೀರಿ ಎಳೆಯುತ್ತವೆ, ಅದಕ್ಕೆ ಜಾಗ ಬಿಡಬೇಕು. 550 ವ್ಯಾಟ್ ಆರಾಮಾಗಿ ಸಾಲುತ್ತದೆ. ಈ ಮಿಷನ್‌ಗೆ 850 ಹಾಕಿಸಿ ಅನ್ನುವವರ ಮಾತು ಕೇಳಬೇಡಿ. ಆ ದುಡ್ಡಿಗೆ ಕಡಿಮೆ ವ್ಯಾಟ್‌ನ, ಇನ್ನೂ ಒಳ್ಳೆಯ ಎಸ್‌ಎಂಪಿಎಸ್ ಬರುತ್ತದೆ.

ಗೋಲ್ಡ್, 750 ವ್ಯಾಟ್ ಮತ್ತು ಮೇಲೆ

7000 ರಿಂದ 10,000 ರೂಪಾಯಿ. ಕರೆಂಟ್ ಬಿಲ್ ಉಳಿಯುತ್ತದೆ ಅಂತ ಹೇಳಿ ಇದನ್ನು ಮಾರುತ್ತಾರೆ. ಲೆಕ್ಕ ಹಾಕಿ ನೋಡಿದ್ದೇನೆ. ಕಂಪ್ಯೂಟರ್ ಒಳಗೆ ಸರಾಸರಿ 150 ವ್ಯಾಟ್ ಬೇಕು, ದಿನಕ್ಕೆ 5 ಗಂಟೆ ಓಡುತ್ತದೆ ಅಂತಿಟ್ಟುಕೊಳ್ಳಿ. 85 ಪರ್ಸೆಂಟ್‌ನ ಬ್ರಾಂಜ್ ಗೋಡೆಯಿಂದ 176 ಎಳೆಯುತ್ತದೆ, 90ರ ಗೋಲ್ಡ್ 167. ವರ್ಷಕ್ಕೆ ಉಳಿಯುವುದು 18 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 125 ರೂಪಾಯಿ. ಮೂರು ಸಾವಿರದ ವ್ಯತ್ಯಾಸ ವಾಪಸ್ ಬರಲು ಇಪ್ಪತ್ತು ವರ್ಷ ದಾಟಬೇಕು. ಇದೇ ಲೆಕ್ಕವನ್ನು 70 ಪರ್ಸೆಂಟ್‌ನ ಕಳಪೆ ಎಸ್‌ಎಂಪಿಎಸ್‌ಗೂ ಬ್ರಾಂಜ್‌ಗೂ ಹಾಕಿದರೆ ವರ್ಷಕ್ಕೆ 480 ರೂಪಾಯಿ ಉಳಿತಾಯ. ಐದು ವರ್ಷದ ವಾರಂಟಿ ಮುಗಿಯುವ ಹೊತ್ತಿಗೆ ಬ್ರಾಂಜ್‌ಗೆ ಕೊಟ್ಟದ್ದರಲ್ಲಿ ಅರ್ಧಕ್ಕೂ ಜಾಸ್ತಿ ವಾಪಸ್ ಬಂದಿರುತ್ತದೆ.

ಹಾಗಾದರೆ ಗೋಲ್ಡ್ ಯಾರಿಗೆ? ಬಿಸಿ ಕಡಿಮೆ, ಹಾಗಾಗಿ ಫ್ಯಾನ್ ನಿಧಾನ. ಲೋಡ್ ಕಡಿಮೆ ಇದ್ದಾಗ ಹಲವು ಮಾಡೆಲ್‌ಗಳ ಫ್ಯಾನ್ ಪೂರ್ತಿ ನಿಂತೇ ಇರುತ್ತದೆ. ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರಿಗೆ, ರಾತ್ರಿ ಮಗು ಮಲಗಿರುವ ಕೋಣೆಯಲ್ಲೇ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು. ದಿನವಿಡೀ ವಿಡಿಯೋ ಎಡಿಟ್, ರೆಂಡರ್ ಮಾಡುವವರಿಗೆ ಬೇಕು. 200 ವ್ಯಾಟ್‌ನ ಆರ್‌ಟಿಎಕ್ಸ್ 4070 ಅಥವಾ ಅದಕ್ಕಿಂತ ದೊಡ್ಡ ಕಾರ್ಡ್ ಹಾಕುವವರಿಗೆ ಬೇಕು. ಅಂಥವರು ಎಟಿಎಕ್ಸ್ 3.0 ಅಥವಾ 3.1 ಅಂತ ಬರೆದದ್ದನ್ನೇ ಕೇಳಿ. ಕ್ಷಣಕಾಲದ ಎರಡು ಪಟ್ಟು ಎಳೆತವನ್ನೂ ತಡೆಯುವ ಹಾಗೆ ಮಾಡಿದ ನಿಯಮ ಅದು. ದೊಡ್ಡ ಕಾರ್ಡ್‌ಗಳ ಆ ಹೊಸ 16 ಪಿನ್ ಕನೆಕ್ಟರ್ ಅನ್ನು ಸಂದಿ ಇಲ್ಲದಂತೆ ಪೂರ್ತಿ ಒಳಗೆ ಒತ್ತಿ, ಅದರ ಬುಡದಲ್ಲೇ ಕೇಬಲ್ ಬಗ್ಗಿಸಬೇಡಿ. ವಾರಂಟಿ ವಿಷಯದಲ್ಲಿ ಗೋಲ್ಡ್ ನಿಜಕ್ಕೂ ಬೇರೆ ಮಟ್ಟ. ಸೀಸಾನಿಕ್ ಫೋಕಸ್ ಜಿಎಕ್ಸ್, ಕೋರ್ಸೇರ್ ಆರ್‌ಎಂಎಕ್ಸ್ ಸಾಲುಗಳಿಗೆ 10 ವರ್ಷ. ಎರಡು ಕಂಪ್ಯೂಟರ್‌ನ ಆಯಸ್ಸು ಅದು.

ಗೋಲ್ಡ್‌ಗಿಂತ ಮೇಲಿನ ಗುರುತುಗಳಾದ ಪ್ಲಾಟಿನಂ, ಟೈಟಾನಿಯಂ ಮನೆಗೆ ಬೇಡ.

ಸೆಕೆಂಡ್ ಹ್ಯಾಂಡ್ ಬಗ್ಗೆಯೂ ಕೇಳುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಆಫೀಸ್‌ಗಳಿಂದ ಬಂದ ಡೆಲ್, ಎಚ್‌ಪಿ ಡೆಸ್ಕ್‌ಟಾಪ್‌ಗಳ ಎಸ್‌ಎಂಪಿಎಸ್ ಕಡಿಮೆ ಬೆಲೆಗೆ ಸಿಗುತ್ತವೆ. ಗುಣ ಚೆನ್ನಾಗಿರುತ್ತದೆ. ಆದರೆ ಎಷ್ಟೋ ಮಾಡೆಲ್‌ಗಳಿಗೆ ಕನೆಕ್ಟರ್ ಬೇರೆ, ಆಕಾರ ಬೇರೆ. ಅದೇ ಕಂಪನಿಯ ಡೆಸ್ಕ್‌ಟಾಪ್‌ಗೆ ಬದಲಿ ಬೇಕಾದರೆ ಸರಿ. ಬಿಡಿ ಅಸೆಂಬಲ್ ಮಿಷನ್‌ಗೆ ವಾರಂಟಿ ಉಳಿದಿರುವ, ಬಿಲ್ ಇರುವ ಎಸ್‌ಎಂಪಿಎಸ್ ಮಾತ್ರ ನೋಡಿ.

ಯುಪಿಎಸ್, ಅರ್ತಿಂಗ್

ಕರೆಂಟ್ ಹೋದ ಮೇಲೂ ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಉಳಿದದ್ದರಿಂದ 16 ಮಿಲಿಸೆಕೆಂಡ್ ಆಸುಪಾಸು ಕಂಪ್ಯೂಟರ್ ನಡೆಸುತ್ತದೆ. ಸಾಮಾನ್ಯ ಯುಪಿಎಸ್ 10 ಮಿಲಿಸೆಕೆಂಡ್ ಒಳಗೆ ಬ್ಯಾಟರಿಗೆ ಬದಲಾಗುತ್ತದೆ. ಹಾಗಾಗಿ ಎರಡೂ ಒಂದಕ್ಕೊಂದು ಹೊಂದುತ್ತವೆ. ಕಳಪೆ ಎಸ್‌ಎಂಪಿಎಸ್‌ನಲ್ಲಿ ಆ ಕೆಪಾಸಿಟರ್ ಚಿಕ್ಕದು. "ಯುಪಿಎಸ್ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ" ಅನ್ನುವ ದೂರಿನಲ್ಲಿ ಎಷ್ಟೋ ಸಲ ತಪ್ಪು ಯುಪಿಎಸ್‌ದಲ್ಲ. ಮನೆಯ ಇನ್ವರ್ಟರ್‌ಗೆ ಹಾಕುವುದಾದರೆ ಸೈನ್ ವೇವ್ ಇರಲಿ, ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಜೊತೆ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳೂ ಹೊಂದದೆ ಆಫ್ ಆಗುತ್ತವೆ. ಇನ್ನೊಂದು, 600 ವಿಎ ಅಂತ ಬರೆದ ಸಾಮಾನ್ಯ ಯುಪಿಎಸ್ ಕೊಡುವುದು 360 ವ್ಯಾಟ್. ಗೇಮ್ ಮಿಷನ್ ಜೊತೆ ಮಾನಿಟರ್ ಕೂಡ ಅದಕ್ಕೇ ಹಾಕಿದರೆ ಕಷ್ಟ.

ಅರ್ತಿಂಗ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದರಿಂದಾಗಿಯೇ ಒಳ್ಳೆಯ ಎಸ್‌ಎಂಪಿಎಸ್‌ಗೆ ಕೆಟ್ಟ ಹೆಸರು ಬರುತ್ತದೆ. ಹೊಸದು ಹಾಕಿಸಿಕೊಂಡು ಹೋದವರು ಮರುದಿನ ವಾಪಸ್ ಬರುತ್ತಾರೆ. "ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ, ಹಳೇದ್ರಲ್ಲಿ ಹಾಗೆ ಇರ್ಲಿಲ್ಲ. ಇದು ಡಿಫೆಕ್ಟ್ ಪೀಸ್." ಹೊಸದರಲ್ಲಿ ದೋಷ ಇಲ್ಲ. ಒಳಬರುವ ಕರೆಂಟ್‌ನ ಕೊಳೆಯನ್ನು ಭೂಮಿಗೆ ಇಳಿಸಲು ಅದರಲ್ಲಿ ಎರಡು ಪುಟ್ಟ ಕೆಪಾಸಿಟರ್ ಇವೆ. ಅವು ಕ್ಯಾಬಿನೆಟ್‌ನ ಲೋಹಕ್ಕೆ ಸೇರಿರುತ್ತವೆ. ಮನೆಯ ಪ್ಲಗ್‌ನಲ್ಲಿ ಮೂರನೇ ತೂತಿಗೆ ಅರ್ತ್ ತಂತಿಯೇ ಇಲ್ಲದಿದ್ದರೆ ಆ ಸಣ್ಣ ಕರೆಂಟ್‌ಗೆ ಇಳಿಯಲು ದಾರಿ ಇಲ್ಲ, ನಿಮ್ಮ ಕೈ ಹಿಡಿಯುತ್ತದೆ. ಹಳೆಯದರಲ್ಲಿ ಆ ಕೆಪಾಸಿಟರ್‌ಗಳೇ ಇರಲಿಲ್ಲ, ಅದಕ್ಕೇ ಜುಂ ಅನ್ನಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಮಾಡಿಸಿ. ಮಾಡಿಸಿದ ಮೇಲೂ ಜುಂ ಅಂದರೆ, ಅಥವಾ ಶಾಕ್ ಜೋರಾಗಿ ಹೊಡೆದರೆ, ಕೂಡಲೇ ಪ್ಲಗ್ ತೆಗೆದು ತೋರಿಸಿ.

ಬಜೆಟ್ ಸಾಲದಿದ್ದರೆ

ಎಸ್‌ಎಂಪಿಎಸ್ ಇಳಿಸುವ ಮೊದಲು ಬೇರೆ ಕಡೆ ನೋಡಿ. ಬಣ್ಣದ ಲೈಟ್ ಇರುವ ಕ್ಯಾಬಿನೆಟ್ ಬಿಟ್ಟು ಸಾದಾ ತಗೊಂಡರೆ ಸಾವಿರ, ಒಂದೂವರೆ ಸಾವಿರ ಉಳಿಯುತ್ತದೆ. ವೈಟ್‌ನಿಂದ ಬ್ರಾಂಜ್‌ಗೆ ಹೋಗಲು ಅಷ್ಟು ಸಾಕು. ಮುಂದಿನ ವರ್ಷ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಇದ್ದರೆ ಈಗಲೇ 550ರ ಬ್ರಾಂಜ್ ಹಾಕಿಸಿ. ಪ್ರಾಸೆಸರ್, ಕಾರ್ಡ್ ಹಳತಾಗುತ್ತವೆ. ಒಳ್ಳೆಯ ಎಸ್‌ಎಂಪಿಎಸ್ ಮುಂದಿನ ಮಿಷನ್‌ಗೂ ಬರುತ್ತದೆ.

ಬಿಲ್‌ನಲ್ಲಿ ಎಸ್‌ಎಂಪಿಎಸ್‌ಗೆ ಬೇರೆ ಸಾಲು ಹಾಕಿಸಿ, ಸೀರಿಯಲ್ ನಂಬರ್ ಬರೆಸಿ. ಕೇಬಲ್ ಬಿಚ್ಚಬಹುದಾದ ಮಾಡೆಲ್ ಆದರೆ ಉಳಿದ ಕೇಬಲ್‌ಗಳನ್ನು ಅದೇ ಡಬ್ಬಿಯಲ್ಲಿಡಿ. ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ಆಕಾರ ಕೂರುತ್ತದೆ, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ ಡಿಸ್ಕ್ ಸುಡುತ್ತದೆ.

ಅಕ್ಕನ ಮನೆಗೆ ಆಮೇಲೆ ಹೊಸ ಮಿಷನ್ ಬಂತು. ಭಾವ ಈ ಸಲ ಗೋಲ್ಡ್ ಹಾಕಿಸೋಣ ಅಂದರು. ಅವರ ಕೆಲಸ ಲೆಕ್ಕ ಮತ್ತು ಫೋಟೋ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಸಂಜೆ ವೋಲ್ಟೇಜ್ ಇಳಿಯುವ ಊರು. 450ರ ಬ್ರಾಂಜ್ ಹಾಕಿಸಿದೆ, ಇನ್‌ಪುಟ್ 100 ರಿಂದ 240ರದ್ದು. ಉಳಿದ ದುಡ್ಡಿನಲ್ಲಿ ಬಾವಿಕಟ್ಟೆ ಪಕ್ಕ ಗುಂಡಿ ತೆಗೆಸಿ ಅರ್ತಿಂಗ್ ಆಯಿತು. ಫೋಟೋಗಳ ಇನ್ನೊಂದು ಪ್ರತಿಗೆ ಹೊರಗಿನ ಹಾರ್ಡ್ ಡಿಸ್ಕ್ ಒಂದು ಬಂತು, ಅದು ಈಗ ಅಕ್ಕನ ಬೀರುವಿನಲ್ಲಿದೆ.